ಪಟ್ಟಿಯಲ್ಲಿಲ್ಲದ ಹೆಸರು

ಕಳೆದ ತಿಂಗಳು ಸ್ವಂತ ಕೆಲಸದ ಮೇಲೆ ಹೈದರಾಬಾದಿಗೆ ಹೋಗಿದ್ದಾಗ ಅಣ್ಣನ ಮಗ ನನ್ನನ್ನು ರಾತ್ರಿಯ ಊಟಕ್ಕೆಂದು ಒಂದು ದೊಡ್ಡ ರೆಸ್ಟೋರೆಂಟಿಗೆ ಕರೆದೊಯ್ದ. ತಾಂಡೂರಿನಲ್ಲಿ ಹುಟ್ಟಿ ಬೆಳೆದು, ಈಗ ಗಚ್ಚಿಬೌಲಿಯ ಕಡೆ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ದುಡಿಯುತ್ತಿರುವ ಅವನಿಗೆ ಬಡ್ತಿ ದೊರೆತಿತ್ತು. "ಕಾಕಾ, ಇವತ್ತ ನೀವು ಒಲ್ಲೆ ಅನಬಾರ್ದು" ಎಂದು ಅವನು ಹೇಳಿದ ಮೇಲೆ ಒಲ್ಲೆ ಎನ್ನುವುದು ಸರಿಕಾಣಲಿಲ್ಲ.

ಅದು ಫ್ರೆಂಚ್-ಅಮೆರಿಕನ್ ಶೈಲಿಯ ಭೋಜನಶಾಲೆ. ಹಾಗೆಂದರೇನು ಎಂದು ಕೇಳಿದ್ದಕ್ಕೆ, ಬೇಯಿಸುವ ವಿಧಾನ ಫ್ರಾನ್ಸಿನದು, ಬಡಿಸುವ ಪ್ರಮಾಣವೂ ಸಲಿಗೆಯೂ ಅಮೆರಿಕದ್ದು ಎಂದು ಅವನು ವಿವರಿಸಿದ. ಎತ್ತರದ ಛಾವಣಿ, ಒಂದು ಗೋಡೆಯುದ್ದಕ್ಕೂ ದೀಪ ಹಚ್ಚಿ ಜೋಡಿಸಿದ ಬಾಟಲಿಗಳು, ಮೂಲೆಯಲ್ಲಿ ಡಿಜೆಗೆಂದು ಕಟ್ಟಿದ ಸಣ್ಣ ಕಟ್ಟೆ. ಬೆಳಕು ಎಷ್ಟು ಮಂದವಾಗಿತ್ತೆಂದರೆ ಊಟದ ಪಟ್ಟಿಯನ್ನು ಮೊಬೈಲಿನ ಬೆಳಕಿನಲ್ಲಿ ಓದಬೇಕಾಯಿತು. ಕಾಲಡಿಯಲ್ಲಿ ಮಾತ್ರ ಹೊಳಪು ಕೊಟ್ಟ ನೀಲಿ ಕಲ್ಲು. ತಾಂಡೂರಿನವನಿಗೆ ಆ ಕಲ್ಲಿನ ಗುರುತು ಹತ್ತಲು ಬೆಳಕು ಬೇಕಾಗಿಲ್ಲ.

ಊಟವನ್ನು ಹಳಿಯುವ ಉದ್ದೇಶ ನನಗಿಲ್ಲ. ಮೊದಲು ಬಂದ ಈರುಳ್ಳಿಯ ಸಾರು ನಿಜಕ್ಕೂ ಚೆನ್ನಾಗಿತ್ತು. ಈರುಳ್ಳಿಯನ್ನು ಬೆಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಬಹಳ ಹೊತ್ತು ಕಂದುಬಣ್ಣಕ್ಕೆ ಬಾಡಿಸಿ, ಸಾರಿಗೆ ಬೆರೆಸಿ, ಮೇಲೊಂದು ರೊಟ್ಟಿಯ ತುಂಡನ್ನಿಟ್ಟು, ಅದರ ಮೇಲೆ ಚೀಸ್ ಕರಗಿಸಿ ತರುತ್ತಾರೆ. ಬಡವರ ಮನೆಯ ಈರುಳ್ಳಿಗೆ ತಾಳ್ಮೆಯೊಂದನ್ನೇ ಸೇರಿಸಿ ಅರಸುಮಕ್ಕಳ ಊಟವಾಗಿಸಿದ ಜಾಣ್ಮೆ ಅದು. 'ರೆಸ್ಟೋರೆಂಟ್' ಎಂಬ ಮಾತು ಕೂಡ ಮೊದಲಿಗೆ ಮನೆಗಾಗಲಿ ಅಂಗಡಿಗಾಗಲಿ ಇದ್ದ ಹೆಸರಲ್ಲ. ಹದಿನೆಂಟನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಬಳಲಿದವರಿಗೆ ಶಕ್ತಿ ಮರಳಿಸಲೆಂದು ಕುಡಿಸುತ್ತಿದ್ದ ಗಟ್ಟಿ ಸಾರಿನ ಹೆಸರು. ಸಾರು ಮಾರುವ ಜಾಗಕ್ಕೆ ಆ ಹೆಸರು ಅಂಟಿಕೊಂಡಿತು. ಆ ಅರ್ಥದಲ್ಲಿ ನೋಡಿದರೆ ಬಿಸಿಲಿನಲ್ಲಿ ಹೊಲದಿಂದ ಬಂದವನಿಗೆ ಅಂಬಲಿ ಕೊಡುವ ನಮ್ಮ ಅವ್ವಂದಿರೆಲ್ಲ ರೆಸ್ಟೋರೆಂಟ್ ನಡೆಸಿದವರೇ.

ಒಂಬತ್ತೂವರೆಗೆ ಸಂಗೀತ ಶುರುವಾಯಿತು. ಕುಳಿತಿದ್ದವರು ಎದ್ದು ನಿಂತರು, ನಿಂತವರು ಕುಣಿದರು. ಅದರ ಬಗೆಗೂ ನನ್ನ ತಕರಾರಿಲ್ಲ. ರಾತ್ರಿ ಎಚ್ಚರವಿದ್ದು ನಾಲ್ಕು ಜನ ಕೂಡಿ ಹಾಡಿ ಕುಣಿಯುವುದು ನಮ್ಮ ಸೀಮೆಗೆ ಹೊಸದಲ್ಲ. ಶಿವರಾತ್ರಿಯ ಭಜನೆಯಲ್ಲಿ, ಮೊಹರಮ್ಮಿನ ಆಲಾಯಿ ಕುಣಿತದಲ್ಲಿ ಬೆಳಗು ಮಾಡಿದವರು ನಾವು. ತಾರುಣ್ಯಕ್ಕೆ ಕುಣಿಯಲು ಒಂದು ಜಾಗ ಬೇಕು. ನನ್ನನ್ನು ತಡೆದು ನಿಲ್ಲಿಸಿದ ಸಂಗತಿ ಬೇರೆ.

ಪಟ್ಟಿಯ ನಡುವೆ ಒಂದು ತಿನಿಸಿತ್ತು: ಪ್ರಾಚೀನ ಧಾನ್ಯದ, ಸುಟ್ಟು ಗರಿಗರಿಯಾಗಿಸಿದ ಬಿಲ್ಲೆಗಳು, ಜೊತೆಗೆ ನುಣ್ಣಗೆ ಅರೆದ ಬೇಳೆ. ನಾಲ್ಕು ಬಿಲ್ಲೆಗೆ 650 ರೂಪಾಯಿ. ತರಿಸಿದೆವು. ಕಪ್ಪು ತಟ್ಟೆಯಲ್ಲಿ ಅಂಗೈಯಗಲದ ತುಣುಕುಗಳು ಬಂದವು. ಬಾಯಿಗಿಟ್ಟೊಡನೆ ನಾಲಿಗೆಗೆ ಗೊತ್ತಾಯಿತು. ಆದರೂ ತಟ್ಟೆ ತಂದ ಹುಡುಗನನ್ನು ಕೇಳಿದೆ. ಅವನು ಕೈಕಟ್ಟಿ ನಿಂತು ಇಂಗ್ಲಿಷಿನಲ್ಲಿ, ಇದು ಸೋರ್ಗಮ್, ಇದರಲ್ಲಿ ಗ್ಲುಟನ್ ಇರುವುದಿಲ್ಲ, ಆರೋಗ್ಯಕ್ಕೆ ಒಳ್ಳೆಯದು ಎಂದು ಪಾಠ ಒಪ್ಪಿಸಿದ. ನಾನು ಅಣ್ಣನ ಮಗನ ಕಡೆ ತಿರುಗಿ, "ಸೋರ್ಗಮ್ ಅಂದ್ರ ಜೋಳ ಅಲ್ಲೇನೋ?" ಎಂದೆ.

ನೀರು ಹಾಕುತ್ತಿದ್ದ ಹುಡುಗನ ಕೈ ನಿಂತಿತು. ತಲೆ ಎತ್ತದೆಯೇ ತಗ್ಗಿದ ದನಿಯಲ್ಲಿ, "ಹೌದ್ರೀ ಕಾಕಾ, ಬಿಳಿ ಜೋಳಾನೇ ಅದ. ನಿಮ್ಮದು ಯಾವೂರ್ರೀ?" ಎಂದು ಕೇಳಿದ. ತಾಂಡೂರು ಎಂದೆ. "ನಮ್ಮದು ನಾರಾಯಣಖೇಡ ಬಾಜೂಕ ಹಳ್ಳಿರಿ" ಎಂದ. ಮತ್ತೆ ಮೊದಲೇ ಜೋಳ ಎಂದು ಯಾಕೆ ಹೇಳಲಿಲ್ಲ ಎಂದರೆ, "ಇಲ್ಲಿ ಹಂಗ ಅನ್ಲಿಕ್ಕ ಬರಂಗಿಲ್ರೀ. ಕಲಿಸಿದ್ದೇ ಹಿಂಗ" ಎಂದು ಸಣ್ಣಗೆ ನಕ್ಕು ಮುಂದಿನ ಮೇಜಿಗೆ ಹೋದ.

ಕಾಲಡಿಯ ಕಲ್ಲು ನಮ್ಮ ಊರಿನದು, ತಟ್ಟೆಯೊಳಗಿನ ಧಾನ್ಯ ನಮ್ಮ ಎರೆ ಹೊಲದ್ದು, ತಟ್ಟೆ ಹಿಡಿದ ಕೈ ನಮ್ಮ ಮಗನದು. ಪಟ್ಟಿಯಲ್ಲಿ ಇವುಗಳಲ್ಲಿ ಒಂದರ ಹೆಸರೂ ಇರಲಿಲ್ಲ.

ಈ ಜೋಳದ ಕಥೆ ನಮ್ಮ ಕಥೆಯೇ ಆಗಿದೆ. 1956ರ ನವೆಂಬರ್ 1ರಂದು ರಾಜ್ಯಗಳು ಪುನರ್ವಿಂಗಡಣೆಗೊಂಡಾಗ ಬೀದರ ಜಿಲ್ಲೆಯ ನಾರಾಯಣಖೇಡ ತಾಲ್ಲೂಕು, ನಿರ್ಣಾ ವಲಯವೊಂದನ್ನು ಬಿಟ್ಟು ಉಳಿದ ಜಹೀರಾಬಾದ ತಾಲ್ಲೂಕು, ನ್ಯಾಲಕಲ್ ವಲಯ, ಮತ್ತು ಗುಲಬರ್ಗಾ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. ಕಚೇರಿಯ ಭಾಷೆ ಬದಲಾಯಿತು, ಶಾಲೆಯ ಭಾಷೆ ಬದಲಾಯಿತು. ಹೊಲದ ಮಣ್ಣು ಬದಲಾಗಲಿಲ್ಲ, ಒಲೆಯ ಮೇಲಿನ ರೊಟ್ಟಿ ಬದಲಾಗಲಿಲ್ಲ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭಜ್ಜಿ, ಸಜ್ಜೆಯ ರೊಟ್ಟಿ, ಅಂಬಲಿಗಳನ್ನು ಕೂಡಿ ಉಣ್ಣುವುದು ಗಡಿಯ ಈಚೆಗೂ ಆಚೆಗೂ ಒಂದೇ ಬಗೆಯಲ್ಲಿ ಮುಂದುವರಿಯಿತು.

ರೊಟ್ಟಿ ಬದಲಾದದ್ದು ಅನಂತರ. 1983ರಲ್ಲಿ ಎನ್.ಟಿ. ರಾಮರಾವ್ ಅವರ ಸರ್ಕಾರ ಕಿಲೋಗೆ ಎರಡು ರೂಪಾಯಿಯಂತೆ ಅಕ್ಕಿ ಕೊಡತೊಡಗಿತು. ಹಸಿದವರಿಗೆ ಅದು ದೊಡ್ಡ ಆಸರೆಯಾಯಿತೆಂಬುದನ್ನು ಮರೆಯಬಾರದು. ಆದರೆ ಅಕ್ಕಿ ಸುಲಭವಾದಂತೆ, ಬೆಳಗಿನ ಜಾವ ಬೀಸಿ, ನಾದಿ, ಬಡಿದು ಮಾಡಬೇಕಾದ ರೊಟ್ಟಿ ಬಡತನದ ಗುರುತಾಯಿತು. ನೆಂಟರು ಬಂದರೆ ಅನ್ನ, ಯಾರೂ ಇಲ್ಲದಾಗ ರೊಟ್ಟಿ ಎಂಬ ಭೇದ ಮನೆಗಳಲ್ಲಿ ಹುಟ್ಟಿತು. ಶಾಲೆಯ ಡಬ್ಬಿಯಲ್ಲಿ ರೊಟ್ಟಿ ಒಯ್ಯಲು ಮಕ್ಕಳು ನಾಚಿದರು. ಅದೇ ಮಕ್ಕಳು ಅದೇ ಶಾಲೆಯಲ್ಲಿ ಕನ್ನಡ ಮಾತನಾಡಲೂ ನಾಚಿದರು. ಈ ಎರಡು ನಾಚಿಕೆಗಳು ಒಂದೇ ಹೊತ್ತಿಗೆ, ಒಂದೇ ಅಂಗಳದಲ್ಲಿ ಬೆಳೆದವು. ನನಗೆ ನೆನಪಿದೆ, ನಾನೂ ನಾಚಿದವನೇ.

ಅದೇ 1983ರಲ್ಲಿ ಜಹೀರಾಬಾದ ಸೀಮೆಯಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ಮುಖ್ಯರಾದ ಪಿ.ವಿ. ಸತೀಶ್ ಮೈಸೂರಿನವರು, ದೂರದರ್ಶನದಲ್ಲಿ ಕೆಲಸ ಮಾಡಿ ಬಂದವರು. ಪಸ್ತಾಪುರವನ್ನು ನೆಲೆಯಾಗಿಸಿಕೊಂಡು, ಸುತ್ತಲಿನ ಹಳ್ಳಿಗಳ ದಲಿತ ಮಹಿಳೆಯರ ಸಂಘಗಳೊಡನೆ ಅವರು ಮಾಡಿದ ಕೆಲಸ ಈ ಪತ್ರಿಕೆಯ ಓದುಗರಿಗೆ ತಿಳಿದದ್ದೇ. ಬೀಳುಬಿದ್ದ ಹೊಲಗಳಲ್ಲಿ ಜೋಳ, ನವಣೆ, ಸಜ್ಜೆ, ತೊಗರಿ ಬೆಳೆಯಿಸಿದರು. ಊರಿನ ಜೋಳವನ್ನು ಊರಿನ ಬಡವರಿಗೇ ಕೊಡುವ ಪರ್ಯಾಯ ಪಡಿತರವನ್ನು ನಡೆಸಿದರು. ಸಂಕ್ರಾಂತಿಯ ಹೊತ್ತಿಗೆ ಬೀಜಗಳನ್ನು ಎತ್ತಿನ ಗಾಡಿಗಳಲ್ಲಿ ಅಲಂಕರಿಸಿ ಹಳ್ಳಿಯಿಂದ ಹಳ್ಳಿಗೆ ಜಾತ್ರೆ ಕೊಂಡೊಯ್ದರು. 2008ರಲ್ಲಿ ಮಾಚನೂರಿನಲ್ಲಿ ಸಂಘಂ ರೇಡಿಯೋ ಆರಂಭವಾಯಿತು. ಅದನ್ನು ನಡೆಸಿದ ಇಬ್ಬರೂ ನರಸಮ್ಮಂದಿರೇ. ಒಬ್ಬರು ಜನರಲ್ ನರಸಮ್ಮ, ಇನ್ನೊಬ್ಬರು ಆಲ್ಗೋಲ್ ನರಸಮ್ಮ ಎಂದು ಹೆಸರಾದರು.

ಇದೇ ಸಂಸ್ಥೆ ಜಹೀರಾಬಾದಿನಲ್ಲಿ ಕೆಫೆ ಎಥ್ನಿಕ್ ಎಂಬ ಊಟದ ಮನೆಯನ್ನೂ ತೆರೆಯಿತು. ಅಲ್ಲಿ ಡಿಜೆ ಇರಲಿಲ್ಲ, ಬಾಟಲಿಗಳ ಗೋಡೆ ಇರಲಿಲ್ಲ. ಜೋಳ, ನವಣೆ, ಸಾಮೆಗಳ ಊಟ. ಹೆಸರು ಅಲ್ಲಿಯೂ ಇಂಗ್ಲಿಷಿನದೇ ಎಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ಅಲ್ಲಿಯ ಧಾನ್ಯಕ್ಕೆ ಊರಿತ್ತು, ಅದನ್ನು ಬೆಳೆದವರಿಗೆ ಗುರುತಿತ್ತು. ಪೇಟೆಯಲ್ಲಿ ಕುರ್ಚಿ ಹಾಕಿ, ಹಣ ಕೊಟ್ಟು, ಎಲ್ಲರೆದುರು ಉಣ್ಣುವ ಯೋಗ್ಯತೆ ರೊಟ್ಟಿಗಿದೆ ಎಂದು ತೋರಿಸಿದ್ದೇ ಅದರ ದೊಡ್ಡ ಕೆಲಸ.

2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷವೆಂದು ಸಾರಿತು. ಆ ವರ್ಷದ ಮಾರ್ಚ್ 18ರಂದು ದಿಲ್ಲಿಯಲ್ಲಿ ಸಿರಿಧಾನ್ಯಗಳ ಜಾಗತಿಕ ಸಮ್ಮೇಳನ ಉದ್ಘಾಟನೆಗೊಂಡಿತು. ಮರುದಿನ, ಮಾರ್ಚ್ 19ರಂದು, ಸತೀಶ್ ಹೈದರಾಬಾದಿನಲ್ಲಿ ತೀರಿಕೊಂಡರು. ಜೂನ್ 22ರಂದು ಅಮೆರಿಕದ ಶ್ವೇತಭವನದಲ್ಲಿ ನಮ್ಮ ಪ್ರಧಾನಿಗೆ ನೀಡಿದ ಔತಣದಲ್ಲಿ ಸಿರಿಧಾನ್ಯದ ಸಲಾಡೂ ಗರಿಗರಿಯಾದ ಸಿರಿಧಾನ್ಯದ ಬಿಲ್ಲೆಗಳೂ ಇದ್ದವು. ಸೆಪ್ಟೆಂಬರ್ 9ರಂದು ದಿಲ್ಲಿಯ ಜಿ-20 ಔತಣದಲ್ಲಿ ನವಣೆಯ ಗರಿಗಳು, ಸಾಮೆಯ ಗರಿಯೊಡನೆ ಹಲಸಿನ ಗ್ಯಾಲೆಟ್, ಊದಲಿನ ಸಿಹಿ. ಹೊಲದ ಬದುವಿನಲ್ಲಿ ನಿಂತಿದ್ದ ಧಾನ್ಯ ಹೀಗೆ ದೊರೆಗಳ ಮೇಜು ಹತ್ತಿತು. ಸಂತೋಷವೇ. ನಾನು ಹೈದರಾಬಾದಿನಲ್ಲಿ ತಿಂದ ಬಿಲ್ಲೆಯೂ ಆ ಮೆರವಣಿಗೆಯ ಹಿಂದೆ ಬಂದದ್ದೇ.

ಆ 'ಗ್ಯಾಲೆಟ್' ಎಂಬ ಫ್ರೆಂಚ್ ಮಾತಿನ ಹಿಂದೆ ನಾವು ತಿಳಿಯಬೇಕಾದ ಸಂಗತಿಯೊಂದಿದೆ. ಫ್ರಾನ್ಸಿನ ಪಶ್ಚಿಮ ತುದಿಯಲ್ಲಿ ಬ್ರಿಟನಿ ಎಂಬ ಪ್ರಾಂತವಿದೆ. ಅಲ್ಲಿಯ ಬಡ ನೆಲದಲ್ಲಿ ಬೆಳೆಯುತ್ತಿದ್ದ ಬಕ್‌ವೀಟ್ ಎಂಬ ಕಾಳಿನ ಹಿಟ್ಟನ್ನು ಕಾದ ಹಂಚಿನ ಮೇಲೆ ತೆಳ್ಳಗೆ ಹರಡಿ ರೈತರು ಮಾಡಿಕೊಳ್ಳುತ್ತಿದ್ದ ರೊಟ್ಟಿಯೇ ಬ್ರಿಟನಿಯ ಗ್ಯಾಲೆಟ್. ಅದರಲ್ಲಿಯೂ ಗ್ಲುಟನ್ ಇಲ್ಲ. ಅದೂ ಒಂದು ಕಾಲದಲ್ಲಿ ಬಡವರ ಗುರುತು. ದುಡಿಮೆ ಹುಡುಕಿ ಬ್ರಿಟನಿಯ ಜನ ರೈಲಿನಲ್ಲಿ ಪ್ಯಾರಿಸ್ಸಿಗೆ ಬಂದು ಇಳಿಯುತ್ತಿದ್ದುದು ಮೋಂಪಾರ್ನಾಸ್ ನಿಲ್ದಾಣದಲ್ಲಿ. ಇವತ್ತಿಗೂ ಆ ನಿಲ್ದಾಣದ ಸುತ್ತ ಅವರ ರೊಟ್ಟಿಯ ಅಂಗಡಿಗಳ ಸಾಲಿದೆ. ಅಲ್ಲಿಂದ ಆ ರೊಟ್ಟಿ ಜಗತ್ತನ್ನೇ ಸುತ್ತಿತು.

ಆದರೆ ಬ್ರಿಟನಿಯ ಜನರಿಗೆ ಫ್ರೆಂಚಿನಿಂದ ಬೇರೆಯಾದ ಸ್ವಂತ ಭಾಷೆಯೊಂದಿತ್ತು, ಬ್ರೆಟನ್. ಶಾಲೆಯಲ್ಲಿ ಆ ಭಾಷೆಯನ್ನಾಡಿದ ಮಕ್ಕಳನ್ನು ಶಿಕ್ಷಿಸುತ್ತಿದ್ದರು, ನಾಚಿಸುತ್ತಿದ್ದರು. ತಾಯಂದಿರು ಮಕ್ಕಳೊಡನೆ ಆ ಭಾಷೆಯನ್ನಾಡುವುದನ್ನೇ ಬಿಟ್ಟರು. ಇಂದು ಯುನೆಸ್ಕೊ ಅದನ್ನು ತೀವ್ರ ಅಪಾಯದಲ್ಲಿರುವ ಭಾಷೆಗಳ ಪಟ್ಟಿಯಲ್ಲಿಟ್ಟಿದೆ. ರೊಟ್ಟಿಗೆ ಮನ್ನಣೆ ಬಂದಿತು. ರೊಟ್ಟಿ ಬಡಿಸುವಾಗ ಆಡುತ್ತಿದ್ದ ಮಾತು ಕಳೆಯಿತು. ಊಟ ಉಳಿದರೆ ಸಂಸ್ಕೃತಿ ಉಳಿಯಿತೆಂದು ನೆಮ್ಮದಿಯಾಗಿರುವವರು ಬ್ರಿಟನಿಯನ್ನು ನೋಡಬೇಕು.

ಹೆಸರಿಲ್ಲದೆ ಹೋಗುವುದು ಧಾನ್ಯಕ್ಕೆ ಮಾತ್ರ ಒದಗುವ ಗತಿಯಲ್ಲ. ಅಮೆರಿಕದ ಊಟದ ಮೇಜಿಗೆ ಫ್ರಾನ್ಸಿನ ಅಡುಗೆಯನ್ನು ತಂದ ಕೀರ್ತಿಯನ್ನು ಬಹುಕಾಲ ಥಾಮಸ್ ಜೆಫರ್ಸನ್ನನಿಗೆ ಕೊಡುತ್ತ ಬಂದರು. 1784ರಲ್ಲಿ ಪ್ಯಾರಿಸ್ಸಿಗೆ ಹೋದಾಗ ಅವನು ತನ್ನ ಗುಲಾಮನಾಗಿದ್ದ ಜೇಮ್ಸ್ ಹೆಮಿಂಗ್ಸ್ ಎಂಬ ಯುವಕನನ್ನು ಜೊತೆಗೊಯ್ದ. ಅಲ್ಲಿ ಒಲೆಯ ಮುಂದೆ ನಿಂತು ಫ್ರೆಂಚ್ ಅಡುಗೆಯನ್ನೂ ಫ್ರೆಂಚ್ ಭಾಷೆಯನ್ನೂ ಕಲಿತವನು, 1789ರಲ್ಲಿ ಮರಳಿದ ಮೇಲೆ ಅಮೆರಿಕದಲ್ಲಿ ಅದನ್ನು ಬೇಯಿಸಿ ಬಡಿಸಿದವನು ಈ ಹೆಮಿಂಗ್ಸ್. ತನ್ನ ತಮ್ಮ ಪೀಟರನಿಗೆ ಆ ವಿದ್ಯೆಯನ್ನು ಕಲಿಸಿಕೊಟ್ಟ ಮೇಲೆಯೇ, 1796ರಲ್ಲಿ, ಅವನಿಗೆ ಬಿಡುಗಡೆ ಸಿಕ್ಕಿತು. ಐದು ವರ್ಷದಲ್ಲಿ ತೀರಿಕೊಂಡ. ನಾವು ಆ ರಾತ್ರಿ ತರಿಸಿದ ಚೀಸ್ ಹಾಕಿದ ಮ್ಯಾಕರೋನಿಯನ್ನು ಅಮೆರಿಕದಲ್ಲಿ ಬಳಕೆಗೆ ತಂದವರ ಸಾಲಿನಲ್ಲಿ ಈಗ ಅವನ ಹೆಸರನ್ನು ಹೇಳುತ್ತಾರೆ. ಹೆಸರು ಮೇಜಿಗೆ ಬರಲು ಇನ್ನೂರು ವರ್ಷಗಳು ಬೇಕಾದವು.

ಇದಕ್ಕೆ ಬೇರೆ ದಾರಿಯೂ ಇದೆ. 1971ರಲ್ಲಿ ಅಮೆರಿಕದ ಬರ್ಕ್‌ಲಿ ನಗರದಲ್ಲಿ ಆಲಿಸ್ ವಾಟರ್ಸ್ ಎಂಬಾಕೆ ಶೇ ಪನೀಸ್ ಎಂಬ ರೆಸ್ಟೋರೆಂಟನ್ನು ತೆರೆದರು. ಹೆಸರು ಫ್ರೆಂಚ್, ಅಡುಗೆಯ ಕ್ರಮ ಫ್ರೆಂಚ್. ಪದಾರ್ಥ ಮಾತ್ರ ಸುತ್ತಲಿನ ಹೊಲದ್ದು. ಅಲ್ಲಿಯ ಊಟದ ಪಟ್ಟಿಯಲ್ಲಿ ಹಣ್ಣು, ಸೊಪ್ಪುಗಳ ಜೊತೆಗೆ ಅವನ್ನು ಬೆಳೆದ ತೋಟದ ಹೆಸರನ್ನೂ ಬರೆಯುವ ರೂಢಿ ಬಂದಿತು. ಪರರ ವಿದ್ಯೆಯನ್ನು ಕಲಿತೂ ತನ್ನ ನೆಲದ ಹೆಸರನ್ನು ಹೇಳಬಹುದು ಎಂಬುದಕ್ಕೆ ಅದು ಸಾಕ್ಷಿ.

ನಮಗೂ ಅಂಥ ಆಧಾರವೊಂದು ದೊರೆತಿದೆ. 2022ರ ಡಿಸೆಂಬರಿನಲ್ಲಿ ತಾಂಡೂರು ತೊಗರಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅದಕ್ಕೆ ಮೊದಲೇ, 2019ರಲ್ಲಿ, ಕಲಬುರಗಿಯ ತೊಗರಿಬೇಳೆಗೆ ಸಿಕ್ಕಿತ್ತು. ಗಡಿಯ ಆಚೆ ಈಚೆಯ ಒಂದೇ ಮಣ್ಣಿನ ಎರಡು ಕಾಳುಗಳಿಗೆ ತಮ್ಮ ತಮ್ಮ ಊರಿನ ಹೆಸರಿನಲ್ಲಿ ಮಾರಾಟವಾಗುವ ಹಕ್ಕು ಕಾನೂನಿನಿಂದ ಬಂದಿದೆ. ಆದರೆ ಹಕ್ಕನ್ನು ಚಲಾಯಿಸುವವರು ನಾವೇ ಆಗಬೇಕು. ಹೈದರಾಬಾದಿನ ರೆಸ್ಟೋರೆಂಟನ್ನು ದೂರುವ ಮೊದಲು ಜಹೀರಾಬಾದಿನ ನಮ್ಮ ಮದುವೆಯ ಮಂಟಪಗಳನ್ನು ನೋಡೋಣ. ನೂಡಲ್ಸಿಗೆ ಒಂದು ಮೇಜು, ಪನೀರಿಗೆ ಒಂದು ಮೇಜು. ಭಜ್ಜಿಗೆ, ಪುಂಡಿಪಲ್ಯಕ್ಕೆ ಜಾಗವಿರುವುದಿಲ್ಲ. ಮುಂಬಯಿ ಹೆದ್ದಾರಿಯ ನಮ್ಮವರ ಹೋಟೆಲುಗಳ ಹಲಗೆಯಲ್ಲಿ 'ತಾಂಡೂರು ತೊಗರಿಬೇಳೆ' ಎಂಬ ಎರಡು ಪದ ಬರೆಯಲು ಎಷ್ಟು ಬಣ್ಣ ಬೇಕು? ಕನ್ನಡದಲ್ಲಿ ಜೋಳ, ತೆಲುಗಿನಲ್ಲಿ ಜೊನ್ನ, ಉರ್ದುವಿನಲ್ಲಿ ಜ್ವಾರ್. ನಮ್ಮ ಸಂತೆಯಲ್ಲಿ ಮೂರೂ ನಡೆಯುತ್ತವೆ. ಮೂರರಲ್ಲಿ ಯಾವುದನ್ನು ಬರೆದರೂ ಅದು ನಮ್ಮದೇ.

ಆ ರಾತ್ರಿಗೆ ಮರಳುತ್ತೇನೆ. ಹನ್ನೊಂದರ ಹೊತ್ತಿಗೆ ಹುಡುಗ ಬಿಲ್ಲಿನ ಜೊತೆಗೆ ಅಭಿಪ್ರಾಯ ಬರೆಯಲು ಒಂದು ಚೀಟಿಯನ್ನು ತಂದಿಟ್ಟ. ಊರಿನ ಮಾತು ಬಂತು. ಆರು ಜನ ಹುಡುಗರು ಒಂದು ಕೋಣೆಯಲ್ಲಿದ್ದಾರಂತೆ. ಊಟ ಇಲ್ಲಿಯೇ, ಅನ್ನ ಮತ್ತು ಬೇಳೆ. "ಊರಿಗಿ ಹೋದಾಗ ಅವ್ವ ಕಡಕ್ ರೊಟ್ಟಿ ಕಟ್ಟಿ ಕೊಡ್ತಾಳ್ರೀ. ಎಲ್ಲಾರೂ ಕೂಡಿ ಎರಡ ದಿನಕ್ಕ ಮುಗಸ್ತೀವಿ" ಎಂದ.

ನಾನು ಚೀಟಿಯ ಮೇಲೆ ಕನ್ನಡದಲ್ಲಿ ಬರೆದೆ: 'ಇದರ ಹೆಸರು ಜೋಳ. ಇದು ನಮ್ಮ ಕಡೆಯ ಬೆಳೆ.' ಹುಡುಗ ಚೀಟಿಯನ್ನು ಕೈಗೆತ್ತಿಕೊಂಡು, ತಿರುಗಿಸಿ ನೋಡಿ, "ಏನ್ ಬರದೀರ್ರೀ ಕಾಕಾ? ನಂದು ತೆಲುಗು ಸಾಲಿ. ಮಾತಾಡ್ಲಿಕ್ಕ ಬರ್ತದ, ಓದ್ಲಿಕ್ಕ ಬರಂಗಿಲ್ಲ" ಎಂದ. ಅಣ್ಣನ ಮಗ ತಲೆ ತಗ್ಗಿಸಿದ. ಓದಲು ಅವನಿಗೂ ಬಾರದು. ಆ ಗದ್ದಲದಲ್ಲಿ ದನಿ ಎತ್ತರಿಸಿ ಇಬ್ಬರಿಗೂ ಓದಿ ಹೇಳಿದೆ. ಹುಡುಗ ಚೀಟಿಯನ್ನು ಬಿಲ್ಲಿನ ತಟ್ಟೆಯಲ್ಲಿಡಲಿಲ್ಲ. ಮಡಿಸಿ ತನ್ನ ಅಂಗಿಯ ಜೇಬಿಗೆ ಹಾಕಿಕೊಂಡ.

ಈ ಬರಹವನ್ನು ಅವನು ಓದಲಾರ. ಓದಬಲ್ಲವರ ಮನೆಯಲ್ಲಿಯೂ ಮಾತು ಬಂದು ಓದು ಬಾರದ ಮಕ್ಕಳಿದ್ದಾರೆ. ಈ ಭಾನುವಾರ ರೊಟ್ಟಿ ಬಡಿದ ಮೇಲೆ, ಉಣ್ಣುವ ಮೊದಲು, ಅವರನ್ನು ಹತ್ತಿರ ಕೂರಿಸಿಕೊಂಡು 'ಜೋಳ' ಎಂಬ ಎರಡಕ್ಷರವನ್ನು ಹಿಟ್ಟಿನಲ್ಲಿ ಬರೆಯಿಸಿರಿ. ಅಷ್ಟು ಮಾಡಿದರೆ ಈ ವಾರದ ಅಂಕಣ ಸಾರ್ಥಕ.